ಬಾಣಂತಿಗೆ ನೀರು

ಓಮದ ನೀರು ಕುದಿಯುವುದನ್ನೇ ನೋಡುತ್ತ ಸುಬ್ಬರಾಯ ಒಲೆಯ ಮುಂದೆ ನಿಂತಿದ್ದ. ಕುದಿದದ್ದನ್ನು ಆರಿಸಬೇಕು, ಸೋಸಬೇಕು, ಕಾಫಿ ಕುಡಿಯುವ ಸಣ್ಣ ಲೋಟಕ್ಕೆ ಮುಕ್ಕಾಲು ಮಟ್ಟ ಹಾಕಿ ಮಹಡಿಯ ಕೋಣೆಗೆ ಒಯ್ಯಬೇಕು. ಮುಕ್ಕಾಲು ಅಂದರೆ ಮುಕ್ಕಾಲೇ, ಮೇಲೆ ಒಂದು ಹನಿ ಇಲ್ಲ. ಅವನ ಅಕ್ಕ ಪ್ರೇಮಕ್ಕ ಶುರುವಿನಲ್ಲಿ ಬಂದಿದ್ದು ಬಾಣಂತನ ಮಾಡಿ, ಗಂಡನಿಗೆ ಹುಷಾರಿಲ್ಲವೆಂದು ನರಸಿಂಹರಾಜಪುರಕ್ಕೆ ವಾಪಸು ಹೊರಟಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೊನೆಯದಾಗಿ ಹೇಳಿದ್ದೂ ಇದನ್ನೇ. "ಪಾಪ ಅಂತ ನೀರು ಜಾಸ್ತಿ ಕೊಟ್ಟುಬಿಟ್ಟೀಯ ಸುಬ್ಬು. ಹೊಟ್ಟೆ ಬರ್ತದೆ, ಮಗೀಗೆ ಶೀತ ಆಗ್ತದೆ. ಆಮೇಲೆ ನನ್ನ ಕೇಳ್ಬೇಡ." ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ಜಯಪುರದ ಪೇಟೆಯಲ್ಲಿ ಅಕ್ಕಿ ಮಿಲ್ಲು ಇಟ್ಟುಕೊಂಡ, ಗಟ್ಟಿಮುಟ್ಟಾದ, ಮೀಸೆಯ ಗಂಡಸು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಾಣಂತಿಯ ಪಥ್ಯ ಕೇಳಿಸಿಕೊಳ್ಳುವುದು ಊರಿಗೆ ಒಂದು ತಮಾಷೆ. ಮಾರನೇ ದಿನವೇ ಭತ್ತ ತಂದವನೊಬ್ಬ "ಎಂಥ ಗೌಡ್ರೆ, ಮೈಯೆಲ್ಲ ಬೆಳ್ಳುಳ್ಳಿ ತುಪ್ಪದ ವಾಸನೆ" ಎಂದು ಕಣ್ಣು ಮಿಟುಕಿಸಿದ್ದ. ಸುಬ್ಬರಾಯ ನಕ್ಕು ತೂಕ ಹಾಕಿದ್ದ. ನಗದೆ ಇನ್ನೇನು ಮಾಡುವುದು?

ಒಂದು ಮುಷ್ಟಿ ಭತ್ತ ಹಿಡಿದರೆ ಸಾಕು, ಅದರಲ್ಲಿ ಎಷ್ಟು ಹಸಿ ಇದೆ, ಮಿಲ್ಲಿಗೆ ಹಾಕಿದರೆ ಎಷ್ಟು ನುಚ್ಚಾಗುತ್ತದೆ ಎಂದು ಅವನು ಹೇಳುತ್ತಿದ್ದ. ಆದರೆ ಮಹಡಿಯ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಗಳು ಕೃತಿಕಾಳ ಮನಸ್ಸಿನಲ್ಲಿ ಏನಿದೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಹೆಂಡತಿ ವನಮಾಲಾ ತೀರಿಕೊಂಡು ಎರಡು ವರ್ಷವಾಗಿತ್ತು. ತಾಯಿಯಿಲ್ಲದ ತವರಿಗೆ ಚೊಚ್ಚಲ ಬಾಣಂತಿಯನ್ನು ಕಳಿಸುವುದು ಹೇಗೆ ಎಂದು ಬೀಗರು ರಾಗ ಎಳೆದಾಗ, ಸೀಮಂತಕ್ಕೆ ಬಂದ ಅಷ್ಟು ಜನರ ಎದುರು "ಯಾಕೆ, ನಾನಿಲ್ವಾ?" ಎಂದು ಇವನು ಕೇಳಿಬಿಟ್ಟಿದ್ದ. ಯಾರೋ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿತ್ತು. ಕೃತಿಕಾ ಮಾತ್ರ ಆವತ್ತು ನಗಲಿಲ್ಲ, ಬಂದು ಅವನ ಕೈ ಹಿಡಿದುಕೊಂಡಳು. ಕೃತಿಕಾ ಹುಟ್ಟಿದಾಗ ವನಮಾಲಾ ಕೆರೆಕಟ್ಟೆಯ ತನ್ನ ತವರಿನಲ್ಲಿದ್ದಳು. ಇವನು ಭಾನುವಾರ ಭಾನುವಾರ ಹಣ್ಣು ಹಿಡಿದು ಹೋಗುತ್ತಿದ್ದ. ಯಾರೋ ಮಗುವನ್ನು ಹೊರಗೆ ತಂದು ತೋರಿಸುತ್ತಿದ್ದರು. ಇವನು ಅದರ ಕೆನ್ನೆ ಮುಟ್ಟಿ, ಕಾಫಿ ಕುಡಿದು, ಕೊನೆಯ ಬಸ್ಸಿಗೆ ವಾಪಸು ಬರುತ್ತಿದ್ದ. ಆ ಕತ್ತಲೆ ಕೋಣೆಯ ಒಳಗೆ ವನಮಾಲಾ ಏನು ತಿಂದಳು, ಏನು ಕುಡಿದಳು, ಅತ್ತಳೋ ನಕ್ಕಳೋ, ಒಂದೂ ಅವನಿಗೆ ಗೊತ್ತಿಲ್ಲ. ಕೇಳಬೇಕು ಅನ್ನುವುದೂ ಹೊಳೆದಿರಲಿಲ್ಲ. ಹೀಗಾಗಿ ಈಗ ಗೊತ್ತಿರುವುದೆಲ್ಲ ಅಕ್ಕ ಹೇಳಿದ್ದು ಮಾತ್ರ, ಮತ್ತು ಅಕ್ಕ ಹೇಳಿದ್ದನ್ನು ಅವನು ಅಕ್ಕನಿಗಿಂತ ಬಿಗಿಯಾಗಿ ನಡೆಸುತ್ತಿದ್ದ. ಹೆರಿಗೆಯಾದ ಆಸ್ಪತ್ರೆಯ ನರ್ಸು ಚೆನ್ನಾಗಿ ನೀರು ಕುಡಿಸಿ ಎಂದಾಗ ಎರಡು ಸಲ ತಲೆ ಆಡಿಸಿದ್ದ. ಆಸ್ಪತ್ರೆಯ ಮಾತು ಆಸ್ಪತ್ರೆಗೆ. ನಾಳೆ ಮಗುವಿಗೆ ಏನಾದರೂ ಆದರೆ ಜನ ನರ್ಸನ್ನು ಕೇಳುವುದಿಲ್ಲ, ಮನೆಯಲ್ಲಿ ಹೆಂಗಸರಿರಲಿಲ್ಲ, ಅದಕ್ಕೇ ಹೀಗಾಯಿತು ಎನ್ನುತ್ತಾರೆ.

ಅಕ್ಕ ಹೋದ ಹೊಸತರಲ್ಲಿ ಕೃತಿಕಾ ಇನ್ನೊಂದು ಲೋಟ ನೀರು ಕೇಳಿದ್ದಳು. "ಸ್ವಲ್ಪ ತಡಿ ಮಗಾ, ಊಟದ ಜೊತೆ ಕೊಡ್ತೀನಿ" ಎಂದಿದ್ದ. ಇನ್ನೊಂದು ಸಲ ಕೇಳಿದಾಗಲೂ ಅದನ್ನೇ ಹೇಳಿದ್ದ. ಆಮೇಲೆ ಅವಳು ಕೇಳಲಿಲ್ಲ. ಕೇಳದಿದ್ದದ್ದು ಇವನಿಗೆ ಸಮಾಧಾನವೇ ಆಗಿತ್ತು, ಮೈ ಪಥ್ಯಕ್ಕೆ ಒಗ್ಗಿಕೊಂಡಿತು ಅಂದುಕೊಂಡ. ಮೇ ತಿಂಗಳ ಸೆಕೆ. ಮಿಲ್ಲಿನ ತಗಡಿನ ಮಾಡು ಕಾದು, ಆ ಬಿಸಿ ಪಕ್ಕದ ಮಹಡಿಗೆ ಹೊಡೆಯುತ್ತಿತ್ತು. ಅಂಥದ್ದರಲ್ಲಿ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮುಚ್ಚಿದ ಕಿಟಕಿ, ಕಾಳುಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಎದೆಹಾಲು ಸಾಲದೆ ಮಗು ಕಿರಿಚುತ್ತಿತ್ತು. ಹಾಲು ಬರಲಿ ಎಂದು ಇವನು ಬೆಳ್ಳುಳ್ಳಿ ಇನ್ನೂ ಎರಡು ಎಸಳು ಜಾಸ್ತಿ ಹುರಿಯುತ್ತಿದ್ದ. ಕೃತಿಕಾ ಮಾತು ಕಡಿಮೆ ಮಾಡಿ, ಆಮೇಲೆ ಮಾತೇ ಬಿಟ್ಟು, ಹೋದ ಸೋಮವಾರ ಗೋಡೆಯ ಕಡೆ ನೋಡಿಕೊಂಡೇ ಹೇಳಿದಳು: "ಅಪ್ಪ, ಈ ಭಾನುವಾರ ಇವರಿಗೆ ಬರಕ್ಕೆ ಹೇಳಿದೀನಿ. ನಾನು ಹೋಗ್ತೀನಿ." ಮೂರು ತಿಂಗಳು ಇರಬೇಕಾದವಳು ತಿಂಗಳಿಗೇ ಹೊರಟು ನಿಂತಿದ್ದಳು. ಯಾಕೆ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಉತ್ತರ ತನಗೆ ಗೊತ್ತು ಅನ್ನಿಸಿತ್ತು. ಅಮ್ಮನ ಜಾಗದಲ್ಲಿ ಅಪ್ಪ ಸಾಲಲಿಲ್ಲ, ಅಷ್ಟೇ.

ಲೋಟ ಹಿಡಿದು ಮೆಟ್ಟಿಲು ಹತ್ತಬೇಕು ಅನ್ನುವಾಗ ಮಿಲ್ಲಿನ ಹಿಂದಿನಿಂದ ಚೋಮ ಕೂಗಿದ. ಚೋಮ ಅವನ ಮಿಲ್ಲಿನಲ್ಲಿ ಬಹಳ ವರ್ಷದಿಂದ ಇರುವವನು, ಸುಮ್ಮನೆ ಕೂಗುವವನಲ್ಲ. ಹೋಗಿ ನೋಡಿದರೆ ಉಮಿಯ ರಾಶಿಯ ಹತ್ತಿರ ಸಲಿಕೆ ಬಿಸಾಕಿ, ಕೈ ಮುಗಿದು ನಿಂತಿದ್ದ. ಕೋಳಿ ಸಾಕುವವರು ಒಯ್ಯಲೆಂದು ಉಮಿ ತುಂಬುತ್ತಿದ್ದನಂತೆ. ರಾಶಿಯ ಹಿಂಬದಿ ಕುಸಿದು ಒಳಗಿನ ಪೊಳ್ಳು ಬಾಯಿ ಬಿಟ್ಟಿತ್ತು. ಅಲ್ಲಿ ಬಿಳೀ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು, ಅವುಗಳ ಸುತ್ತ ಒಂದು ನಾಗರಹಾವು ಸುತ್ತಿಕೊಂಡಿತ್ತು. ಹೆಡೆ ಎತ್ತಿತು, ಆದರೆ ಪೂರ್ತಿ ಎತ್ತಲಿಲ್ಲ. ಹಾವು ಹೆಡೆ ಎತ್ತಲು ಸುಸ್ತಾಗುವುದನ್ನು ಸುಬ್ಬರಾಯ ಎಂದೂ ನೋಡಿರಲಿಲ್ಲ. "ಸಲಿಕೆ ತಾಗಿಬಿಡ್ತು ಗೌಡ್ರೆ, ಬೆನ್ನಿಗೆ. ಬೇಕಂತ ಮಾಡಿದ್ದಲ್ಲ" ಎಂದ ಚೋಮ. ಮನೆಯಲ್ಲಿ ಬಾಣಂತಿ, ಹಿತ್ತಲಲ್ಲಿ ಗಾಯಗೊಂಡ ನಾಗರ. ಸುಬ್ಬರಾಯ ಕೈಯ ಲೋಟವನ್ನು ಅಲ್ಲೇ ಕೆಳಗಿಟ್ಟ. ಮಿಲ್ಲು ನಿಲ್ಲಿಸಲು ಹೇಳಿದ.

ಕೊಪ್ಪದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ಹಾವು ಹಿಡಿದು ಕಾಡಿಗೆ ಬಿಡುವ ಯೋಗೇಂದ್ರ ಬೈಕಿನಲ್ಲಿ ಬಂದ. ಫಾರೆಸ್ಟಿನವರಿಗೆ ಮೊದಲು ಫೋನು ಮಾಡಿ ಒಪ್ಪಿಗೆ ತೆಗೆದುಕೊಂಡ. ಹಾವನ್ನು ಒಳಗೆ ಕಾಣುವಂಥ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ, ಗಾಯಕ್ಕೆ ಮುಲಾಮು ಹಚ್ಚಿ, ತೂತಿನ ಮುಚ್ಚಳ ಹಾಕಿ ಬಿಗಿದ. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು ಒಂದೊಂದು ಮೊಟ್ಟೆಯ ನೆತ್ತಿಗೂ ಗುರುತು ಹಾಕಿದ. ಇದು ಕೋಳಿ ಮೊಟ್ಟೆಯ ಹಾಗಲ್ಲ, ತಿರುಗಿಸಿದರೆ ಒಳಗಿನ ಮರಿ ಸಾಯುತ್ತದೆ, ಮೇಲಿದ್ದ ಮುಖ ಮೇಲೇ ಇರಬೇಕು ಎಂದ. ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಹಾಸಿ, ಮೊಟ್ಟೆಗಳನ್ನು ಹಾಗೇ ಇಳಿಸಿದ. ಅಲ್ಲಾಡಿಸುವುದು ಬೇಡ, ಮರಿಯಾಗುವ ತನಕ ಮಿಲ್ಲಿನ ಆಫೀಸಿನ ಮೂಲೆಯಲ್ಲೇ ಇರಲಿ ಎಂದು ತೀರ್ಮಾನವಾಯಿತು. "ತಾಯೀನ ಮೂರ್ನಾಲ್ಕು ದಿನ ಸುಧಾರಿಸ್ಕೊಳಕ್ಕೆ ಬಿಟ್ಟು ಆಮೇಲೆ ಹಳ್ಳದ ಬದೀಲಿ ಬಿಡಾಣ ಸುಬ್ಬರಾಯಣ್ಣ. ಈ ಬಿಸಿಲಲ್ಲಿ ಈಗ ಬಿಟ್ರೆ ಉಳಿಯಲ್ಲ. ಮೈ ನೋಡಿ, ಚರ್ಮ ಹೆಂಗೆ ಮಡಚಿಕೊಂಡಿದೆ." ತಿನ್ನಲು ಏನು ಕೊಡಬೇಕು ಎಂದು ಸುಬ್ಬರಾಯ ಕೇಳಿದ. ಇಲಿಗೇನು, ಮಿಲ್ಲಿನಲ್ಲಿ ಬರವೇ? "ತಿನ್ನೋದು ಆಮೇಲೆ ಮಾರಾಯ್ರೆ. ಮೊಟ್ಟೆ ಇಟ್ಟ ಮೇಲೆ ಮೈಯಲ್ಲಿ ನೀರೇ ಇರಲ್ಲ. ಮೊದ್ಲು ನೀರು. ಎಷ್ಟು ಕುಡೀತದೋ ಅಷ್ಟು." ಡಬ್ಬಿಯ ಒಳಗೆ ಅಗಲವಾದ ಒಂದು ಮಣ್ಣಿನ ಬೋಗುಣಿ ಇಡಿಸಿ, ಮುಚ್ಚಳ ತೆಗೆಯುವ ಹಾಗಿಲ್ಲವೆಂದು, ತೂತಿನಿಂದ ಕೊಳವೆ ಇಳಿಸಿ ನೀರು ತುಂಬುವುದನ್ನು ತೋರಿಸಿಕೊಟ್ಟು, ಬಟ್ಟೆ ಹೊದಿಸಿ, ಸಂಜೆ ಬರುತ್ತೇನೆಂದು ಹೋದ.

ಮಧ್ಯಾಹ್ನದ ಒಳಗೆ ಅರ್ಧ ಪೇಟೆ ಬಂದು ಹೋಯಿತು. ಮೊಟ್ಟೆ ಎಷ್ಟು, ಮರಿ ಯಾವಾಗ, ಎಲ್ಲಾ ಮರಿಯಾಗುತ್ತವಾ, ಫೋಟೋ ತೆಗೀಬಹುದಾ? ಪೆಟ್ಟಿಗೆಗೆ ಕೈ ಮುಗಿದವರೂ ಇದ್ದರು. ಬಟ್ಟೆ ಹೊದಿಸಿದ ಡಬ್ಬಿಯ ಕಡೆ ಯಾರೂ ಹೋಗಲಿಲ್ಲ. ಒಬ್ಬ ಅದರ ಮೇಲೆ ತನ್ನ ಚೀಲ ಇಡಲು ಹೋಗಿ ಬೈಸಿಕೊಂಡ. ಸುಬ್ಬರಾಯ ಅಕ್ಕನಿಗೆ ಫೋನು ಮಾಡಿ ವಿಷಯ ಹೇಳಿದ. "ಬಾಣಂತಿ ಇರೋ ಮನೇಲಿ ನಾಗಪ್ಪನ್ನ ಡಬ್ಬಿಲಿ ಹಾಕಿ ಇಟ್ಟಿದೀಯಾ! ತಲೆ ನೆಟ್ಟಗಿದ್ಯನಾ ನಿಂಗೆ?" ಎಂದು ಒಂದಷ್ಟು ಬೈದು, ಹರಕೆಯೊಂದನ್ನು ಹೇಳಿಕೊಳ್ಳಲು ಹೇಳಿ, ಎಂದಿನಂತೆ ಕೇಳಿದಳು: "ಮಗು ಹಾಲು ಕುಡೀತಾ? ಮಗು ನಿದ್ದೆ ಮಾಡ್ತಾ? ಮಗೀಗೆ ಶೀತ ಏನಿಲ್ಲ ಅಲ್ವಾ?" ಇವನೂ ಎಂದಿನಂತೆ ಹೂಂ, ಹೂಂ ಎಂದ. ಫೋನು ಇಟ್ಟ ಮೇಲೆ ಸುಮ್ಮನೆ ಕುಳಿತಾಗ, ಬೀಗರ ಫೋನಿನಲ್ಲೂ ಅದೇ ಮಾತು, ಅಳಿಯನ ಫೋನಿನಲ್ಲೂ ಅದೇ, ದಿನಾ ಬೆಳಿಗ್ಗೆ ಮಹಡಿಗೆ ಹೋಗಿ ತಾನು ಕೇಳುವುದೂ ಅದನ್ನೇ ಎಂದು ಹೊಳೆಯಿತು. ಮಗು ರಾತ್ರಿ ಎದ್ದಿತ್ತಾ? ಮಗು ಕಕ್ಕ ಮಾಡ್ತಾ? ಕೃತಿಕಾಳ ಬಗ್ಗೆ ಕೊನೆಗೆ ಕೇಳಿದ್ದು ಯಾವಾಗ ಎಂದು ಜ್ಞಾಪಿಸಿಕೊಳ್ಳಲು ನೋಡಿದ. ಜ್ಞಾಪಕಕ್ಕೆ ಬರಲಿಲ್ಲ. ಎದ್ದು ಹೋಗಿ ಡಬ್ಬಿಯ ಬಟ್ಟೆ ಸ್ವಲ್ಪ ಸರಿಸಿದ.

ಹಾವು ಒಂದು ಮೂಲೆಯಲ್ಲಿ ಹಗ್ಗದ ಹಾಗೆ ಬಿದ್ದಿತ್ತು. ಬೋಗುಣಿಯ ನೀರು ಇಟ್ಟ ಹಾಗೇ ಇತ್ತು. ಸುಬ್ಬರಾಯ ಗೋಣಿಚೀಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಗದ್ದಲವೆಲ್ಲ ಹೋಗಿ ಮಿಲ್ಲು ಎಂದೂ ಇಲ್ಲದಷ್ಟು ಸುಮ್ಮನಿತ್ತು. ಕುಡಿಯಮ್ಮಾ ಎಂದು ಬಾಯಿಬಿಟ್ಟು ಹೇಳಿದ, ಯಾರಾದರೂ ಕೇಳಿದರೇನೋ ಎಂದು ಹಿಂದೆ ನೋಡಿದ. ಎಷ್ಟು ಹೊತ್ತಾಯಿತೋ, ಹಾವು ತಲೆಯನ್ನು ನೆಲದ ಮೇಲೇ ಎಳೆದುಕೊಂಡು ಬೋಗುಣಿಯ ಅಂಚಿಗೆ ಬಂತು. ಗಲ್ಲ ಅಂಚಿನ ಮೇಲಿಟ್ಟು, ಬಾಯಿಯನ್ನು ನೀರಿಗೆ ತಾಗಿಸಿತು. ನಾಲಿಗೆ ಚಾಚಲಿಲ್ಲ, ಸದ್ದಿಲ್ಲ. ದವಡೆ ಮಾತ್ರ ಮೆಲ್ಲಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಅದು ನಿಲ್ಲಿಸಲೇ ಇಲ್ಲ. ಈಗ ನಿಲ್ಲಿಸುತ್ತದೆ ಅಂದುಕೊಂಡರೆ ಮತ್ತೆ ಕುಡಿಯುತ್ತಿತ್ತು, ಮಡಚಿಕೊಂಡ ಚರ್ಮದ ಉದ್ದಕ್ಕೂ ಒಂದು ಸಣ್ಣ ಅಲುಗಾಟ ಹಿಂದಕ್ಕೆ ಹರಿದು ಹೋಗುತ್ತಿತ್ತು. ಬೋಗುಣಿಯ ಮಟ್ಟ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಸುಬ್ಬರಾಯ ಕೊಳವೆ ಇಳಿಸಿ, ಚೊಂಬಿನಿಂದ ಇನ್ನಷ್ಟು ನೀರು ಬಿಟ್ಟ. ಹೆದರಬೇಕಾದ ಹಾವು ಹೆದರದೆ ಕುಡಿಯುತ್ತಲೇ ಇತ್ತು.

"ಅಪ್ಪ."

ಬಾಗಿಲಲ್ಲಿ ಕೃತಿಕಾ ನಿಂತಿದ್ದಳು. ಬಾಣಂತಿ ಮೆಟ್ಟಿಲು ಇಳಿಯಬಾರದು, ಗಾಳಿಗೆ ಬರಬಾರದು, ಅದೂ ಹಾವಿನ ಎದುರಿಗೆ. ಇಷ್ಟನ್ನೂ ಹೇಳಲು ಅವನು ಬಾಯಿ ತೆರೆದ. ಅವಳು ಅವನನ್ನು ನೋಡುತ್ತಿರಲಿಲ್ಲ. ತಲೆಗೆ ಕಟ್ಟಿದ ಬಟ್ಟೆಯ ಕೆಳಗೆ ಅವಳ ಮುಖ ಎಷ್ಟು ಚಿಕ್ಕದಾಗಿದೆ, ತುಟಿಗಳ ಮೇಲೆ ಸಿಪ್ಪೆ ಎದ್ದಿದೆ ಎಂದು ಅವನು ಅವತ್ತೇ ಕಂಡದ್ದು. ದಿನಾ ಮೂರು ಹೊತ್ತು ಊಟ ಒಯ್ದವನು ಈ ತುಟಿಗಳನ್ನು ನೋಡಿರಲಿಲ್ಲವೇ? ಕೃತಿಕಾ ಹಾವಿನ ದವಡೆಯನ್ನೇ ನೋಡುತ್ತ, ಅದರ ಜೊತೆಗೇ ಒಂದು ಸಲ ಉಗುಳು ನುಂಗಿದಳು.

"ಅಪ್ಪ, ನಂಗೂ ನೀರು ಕೊಡು."

ಅವನ ಕೈಯಲ್ಲಿ ಚೊಂಬು ಇತ್ತು. ಕಾಯಿಸದ, ಓಮ ಹಾಕದ, ಬಾವಿಯ ತಣ್ಣನೆ ನೀರು. ಒಂದು ಗಳಿಗೆ, ಹೌದು, ಒಂದು ಗಳಿಗೆ ಅವನು ಅನುಮಾನಿಸಿದ. ಅಕ್ಕ, ಬೀಗರು, ಸೆರಗಿನ ಮರೆಯ ಹೆಂಗಸರು, ನಾಳೆ ಮಗು ಸೀನಿದರೆ ಬರುವ ಮಾತು, ಎಲ್ಲವೂ ಆ ಚೊಂಬಿನ ಸುತ್ತ ಬಂದು ನಿಂತವು. ಆಮೇಲೆ ಕೊಟ್ಟ. ಅವಳು ಎರಡೂ ಕೈಯಲ್ಲಿ ಹಿಡಿದು, ಎತ್ತಿ ಕುಡಿಯದೆ, ಅಂಚಿಗೆ ಬಾಯಿ ಹಚ್ಚಿಯೇ ಕುಡಿದಳು. ಗದ್ದದಿಂದ ಇಳಿದು ರವಿಕೆ ನೆನೆಯಿತು. ಚೊಂಬು ಬರಿದಾದ ಮೇಲೆ ಮುಂದಕ್ಕೆ ಚಾಚಿದಳು, ಹೋಟೆಲಿನಲ್ಲಿ ಮಕ್ಕಳು ಲೋಟ ಚಾಚುವ ಹಾಗೆ. ಅವನು ಬಾವಿಕಟ್ಟೆಗೆ ಓಡಿದ. ಐವತ್ತೆಂಟರ ಗಂಡಸು, ಪಂಚೆ ಎತ್ತಿ ಕಟ್ಟಿ, ನಿಜಕ್ಕೂ ಓಡಿದ. ಎರಡನೇ ಚೊಂಬು ಅರ್ಧ ಮುಗಿದ ಮೇಲೆ ಕೃತಿಕಾ ಭತ್ತದ ಚೀಲದ ಮೇಲೆ ಕುಳಿತು, ತಲೆಯ ಬಟ್ಟೆ ಬಿಚ್ಚಿ ಅದರಿಂದಲೇ ಮುಖ ಒರೆಸಿಕೊಂಡಳು.

"ಬಚ್ಚಲಲ್ಲಿ ಕುಡೀತಿದ್ದೆ" ಎಂದಳು.

"ಎಂಥದು?"

"ಸ್ನಾನದ ನೀರು. ಚಿಕ್ಕಕ್ಕ ಮಗೂನ ಒರೆಸ್ತಿರ್ಬೇಕಾದ್ರೆ ಹಂಡೆಯಿಂದ ಬೊಗಸೇಲಿ. ಒಂದಿನ ಸೋಪಿನ ನೊರೆ ಇತ್ತು ಅಪ್ಪ, ಆದ್ರೂ ಕುಡ್ದೆ." ಚಿಕ್ಕಕ್ಕ ಅಂದರೆ ಚೋಮನ ಹೆಂಡತಿ, ದಿನಾ ಬೆಳಿಗ್ಗೆ ಮಹಡಿಯ ಬಚ್ಚಲಲ್ಲಿ ತಾಯಿ ಮಗುವಿಗೆ ನೀರು ಹಾಕಲು ಬರುವವಳು. ಹೇಳುತ್ತ ಹೇಳುತ್ತ ಕೃತಿಕಾಳಿಗೆ ನಗು ಬಂತು, ನಗು ಬಂದದ್ದು ಅಳುವಾಯಿತು. "ನೀನು ಬೈತೀಯ ಅಂತಲ್ಲ. ಹೆಂಗಿರ್ತಿದ್ದೆ ಗೊತ್ತಾ ನೀನು, ಆ ಲೋಟ ಹಿಡ್ಕೊಂಡು ಬರ್ಬೇಕಾದ್ರೆ? ಪೂಜೆಗೆ ತಂದಂಗೆ. ಸಾಲ್ದು ಅಂತ ಹೆಂಗೆ ಹೇಳ್ಲಿ? ಅದಕ್ಕೇ ಹೋಗ್ಬಿಡಾಣ ಅನ್ಕೊಂಡೆ."

ಅವನು ಅವಳ ಎದುರು ಉಮಿಯ ನೆಲದ ಮೇಲೇ ಕುಳಿತುಬಿಟ್ಟ. ಅಮ್ಮನ ಜಾಗಕ್ಕೆ ಸಾಲದ ಅಪ್ಪನನ್ನು ಬಿಟ್ಟು ಹೊರಟಿದ್ದಾಳೆ ಅಂದುಕೊಂಡಿದ್ದ; ಅವಳು ಹೊರಟಿದ್ದು ಒಂದು ಲೋಟ ನೀರಿಗೆ. ನಾಚಿಕೆಯಲ್ಲಿ ಅವನ ಕಿವಿ ಬಿಸಿಯಾಯಿತು. ತನ್ನ ಮನೆಯಲ್ಲಿ, ಬಾವಿ ತುಂಬ ನೀರಿರುವ ಮನೆಯಲ್ಲಿ, ಮಗಳು ಕಳ್ಳಿಯ ಹಾಗೆ ಹಂಡೆಯ ನೀರು ಕುಡಿದಳು, ಮತ್ತು ತನ್ನ ಮನಸ್ಸು ನೋಯಬಾರದೆಂದು ಕುಡಿದಳು. ಆದರೆ ಆ ನಾಚಿಕೆಯ ಅಡಿಯಿಂದಲೇ ಇನ್ನೊಂದು ಎದ್ದು ಬಂತು, ಅದನ್ನು ತಡೆಯಲು ಅವನು ನೋಡಲೂ ಇಲ್ಲ: ಕೇಳಿದಳಲ್ಲ. ಎರಡು ಸಲ ಇಲ್ಲ ಅನ್ನಿಸಿಕೊಂಡವಳು ಮೂರನೇ ಸಲ ಕೇಳಿದಳಲ್ಲ. ಉಮಿಯಲ್ಲಿ ಈ ತಾಯಿ ಬಂದು ಮಲಗಿರದಿದ್ದರೆ ಭಾನುವಾರ ಕಾರು ಬರುತ್ತಿತ್ತು, ಅವಳು ಹೋಗಿರುತ್ತಿದ್ದಳು, ಅವನಿಗೆ ಸಾಯುವ ತನಕ ಗೊತ್ತಾಗುತ್ತಿರಲಿಲ್ಲ. ಡಬ್ಬಿಯ ಕಡೆ ತಿರುಗಿ ಕೈ ಮುಗಿದ. ದೇವರಿಗೆ ಮುಗಿಯುವ ಹಾಗಲ್ಲ, ಮಳೆಗಾಲದಲ್ಲಿ ಹೊಳೆ ದಾಟಿಸಿದವರಿಗೆ ಮುಗಿಯುವ ಹಾಗೆ. ಹಾವು ಬೋಗುಣಿಯ ಅಂಚಿನ ಮೇಲೆ ತಲೆಯಿಟ್ಟು ಮಲಗಿತ್ತು.

ಮೇಲೆ ಮಗು ಅತ್ತಿತು. "ನಾನು ಹೋಗ್ತೀನಿ, ಚೊಂಬು ತುಂಬಿ ತಗೊಂಡು ಬಾ" ಎಂದು ಕೃತಿಕಾ ಎದ್ದಳು. ಮಂಚದ ಪಕ್ಕ ಆವತ್ತು ಇಟ್ಟ ತಂಬಿಗೆ ಮತ್ತೆ ಒಳಗೆ ಹೋಗಲಿಲ್ಲ. ಹಾಲು ಅವತ್ತೇ ಉಕ್ಕಿ ಬಂತು ಎಂದೇನೂ ಇಲ್ಲ, ಆದರೆ ಆ ವಾರದ ಕೊನೆಗೆ ಮಗು ಮಲಗಿದರೆ ಗಟ್ಟಿಯಾಗಿ ಮಲಗುತ್ತಿತ್ತು. ಹಾವು ಯೋಗೇಂದ್ರ ತಂದು ಹಾಕಿದ ಒಂದು ಇಲಿ ತಿಂದು, ಗಾಯ ಒಣಗಿ, ಡಬ್ಬಿಯ ಹತ್ತಿರ ಹೋದರೆ ಬುಸ್ಸೆಂದು ಪೂರ್ತಿ ಹೆಡೆ ಎತ್ತುವಷ್ಟಾಯಿತು. ಯೋಗೇಂದ್ರ ಅದನ್ನು ಗುಡ್ಡದ ಬುಡದ ಹಳ್ಳದ ಬದಿಗೆ ಒಯ್ದು ಬಿಟ್ಟಾಗ ಸುಬ್ಬರಾಯ ಜೊತೆಗೆ ಹೋಗಿದ್ದ. ಅದು ಹಿಂದಿರುಗಿ ನೋಡಲಿಲ್ಲ, ಯಾಕೆ ನೋಡಬೇಕು? ಭಾನುವಾರ ಅಳಿಯ ಬಂದು, ಊಟ ಮಾಡಿ, ಒಬ್ಬನೇ ವಾಪಸು ಹೋದ. ಪೆಟ್ಟಿಗೆಯ ಉಸ್ತುವಾರಿಯನ್ನು ಕೃತಿಕಾ ತಾನೇ ತೆಗೆದುಕೊಂಡಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಕೆಳಗೆ ಬಂದು, ನಾರಿನ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಒಣಗಿದ್ದರೆ ಅಂಚಿನಲ್ಲಿ ನೀರು ಚಿಮುಕಿಸಿ, ಪೆನ್ಸಿಲಿನ ಗುರುತುಗಳು ಮೇಲೇ ಇವೆಯೇ ಎಂದು ನೋಡುವಳು. ಒಂದೆರಡು ಮೊಟ್ಟೆ ಹಳದಿಯಾಗಿ ಕುಸಿದವು. ಅವನ್ನು ಅವಳೇ ತೆಗೆದು ಬಾಳೆಯ ಬುಡದಲ್ಲಿ ಹುಗಿದಳು. ಅಕ್ಕನಿಗೆ ಮಾತ್ರ ಸುಬ್ಬರಾಯ ಏನೂ ಹೇಳಲಿಲ್ಲ. ನೀರು ಜಾಸ್ತಿ ಕೊಡ್ತಿಲ್ಲ ತಾನೆ ಎಂದು ಅವಳು ಕೇಳಿದಾಗಲೆಲ್ಲ ಇಲ್ಲಕ್ಕ, ಇಲ್ಲಕ್ಕ ಎನ್ನುತ್ತಿದ್ದ. ಪ್ರತಿ ಸಲವೂ ಹೇಳಬೇಕು ಅನ್ನಿಸಿ, ಗಂಡನ ಹಾಸಿಗೆಯ ಪಕ್ಕ ಕುಳಿತು ತಮ್ಮನ ಮನೆಯನ್ನೂ ಕಾಯುತ್ತಿರುವ ಆ ಮುದುಕಿಗೆ ನಿನ್ನಿಂದ ಹೀಗಾಯಿತು ಅನ್ನುವುದು ಹೇಗೆ ಎಂದು ಬಾಯಿ ಕಟ್ಟುತ್ತಿತ್ತು. ನೀರು ಕೊಡಬೇಡ ಎಂದವಳೇ ಶುರುವಿನಲ್ಲಿ ರಾತ್ರಿಯೆಲ್ಲ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೃತಿಕಾಳಿಗೆ ನಿದ್ದೆ ಮಾಡಲು ಬಿಟ್ಟವಳು.

ಮೊದಲ ಮೊಟ್ಟೆ ಸೀಳಿದ್ದು ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ. ಕೃತಿಕಾ ಕೂಗಿದ್ದು ಕೇಳಿ ಸುಬ್ಬರಾಯನೂ ಚೋಮನೂ ಓಡಿ ಬಂದರು. ಬ್ಲೇಡಿನಲ್ಲಿ ಗೀರಿದ ಹಾಗೆ ಒಂದು ಗೀರು, ಅದರಿಂದ ಒದ್ದೆ ಮೂತಿ. ಅದು ಹೊರಗೆ ಬರುವ ಅವಸರವನ್ನೇ ಮಾಡಲಿಲ್ಲ, ಲೋಕ ಹೇಗಿದೆ ಎಂದು ಅಲ್ಲಿಂದಲೇ ನೋಡುತ್ತಿತ್ತು. ಚೋಮ ಕಣ್ಣು ಒರೆಸಿಕೊಂಡ. ಸಲಿಕೆ ತಾಗಿದ ದಿನದಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲವೆಂದು ಚಿಕ್ಕಕ್ಕ ಆಮೇಲೆ ಹೇಳಿದಳು. ಯೋಗೇಂದ್ರನಿಗೆ ತಿಳಿಸಿ, ಪೆಟ್ಟಿಗೆಯ ಮುಚ್ಚಳ ಭದ್ರಮಾಡಿ, ಅದೇ ಉಸಿರಿನಲ್ಲಿ ಸುಬ್ಬರಾಯ ಅಕ್ಕನಿಗೆ ಫೋನು ಮಾಡಿದ. ಸಂತೋಷ ಮೈತುಂಬ ಇದ್ದದ್ದಕ್ಕೋ ಏನೋ, ಮರಿಯಾದ ಸುದ್ದಿಯ ಹಿಂದೆಯೇ ಉಳಿದದ್ದೂ ಬಂದುಬಿಟ್ಟಿತು. ಹಾವು ಕುಡಿದದ್ದು, ಕೃತಿಕಾ ಕೇಳಿದ್ದು, ಹಂಡೆಯ ನೀರು, ಎರಡು ಚೊಂಬು, ಇಷ್ಟು ದಿನ ತಾನು ಸುಳ್ಳು ಹೇಳಿದ್ದು. "ನಿನ್ನ ಬೈಯಕ್ಕೆ ಹೇಳ್ತಿಲ್ಲಕ್ಕ. ನೀನಿಲ್ದಿದ್ರೆ ನಮಗೆ ಯಾರಿದ್ರು? ಹೇಳ್ದೆ ಇದ್ರೆ ನಂಗೆ ಅನ್ನ ಸೇರಲ್ಲ, ಅದಕ್ಕೆ."

ಕರೆ ಕಡಿದುಹೋಯಿತೇನೋ ಎಂದು ಅವನು ಎರಡು ಸಲ ಹಲೋ ಎಂದ.

"ಇದೀನಿ" ಎಂದಳು ಪ್ರೇಮಕ್ಕ. "ನಂಗೆ ನಾಕು ಹೆರಿಗೆ ಆಯ್ತು ಸುಬ್ಬು. ನಾಕು ಬಾಣಂತನದಲ್ಲೂ ಕನಸಲ್ಲಿ ಹೊಳೆ ಬರೋದು. ಶೃಂಗೇರಿ ಹೊಳೆ, ದಡ ಮುಟ್ಟಿ ಹರೀತಾ ಇರೋದು. ಬಗ್ಗಿ ಬಾಯಿ ಇಡ್ಬೇಕು, ಅಷ್ಟೊತ್ತಿಗೆ ಎಚ್ಚರ ಆಗೋದು."

"ಯಾರಿಗೂ ಹೇಳ್ಲಿಲ್ವಾ ಅಕ್ಕ?"

"ಯಾರು ಕೇಳಿದ್ರು? ಎಲ್ರಿಗೂ ಹಂಗೇ ಅನ್ಕೊಂಡೆ. ಹಂಗೇ ಇರ್ಬೇಕು ಅನ್ಕೊಂಡೆ." "ಕೂಸಿಗೆ ಫೋನು ಕೊಡು."

ಕೃತಿಕಾ ಮಗುವನ್ನು ಅಪ್ಪನ ಕೈಗೆ ಕೊಟ್ಟು ಫೋನು ತೆಗೆದುಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು. ಇಲ್ಲತ್ತೆ, ಬೇಜಾರಿಲ್ಲತ್ತೆ, ಎಂದಳು. ನೀನು ನಿದ್ದೆಗೆಟ್ಟದ್ದು ನಂಗೆ ಮರೀತದಾ ಎಂದಳು. ಸುಬ್ಬರಾಯ ಮಗುವನ್ನು ಎತ್ತಿಕೊಂಡೇ ಫೋನಿನ ಹತ್ತಿರ ಕಿವಿ ತಂದ.

"ಅತ್ತೆ, ಎದ್ದು ಹೋಗಿ ಒಂದು ಚೊಂಬು ನೀರು ಕುಡಿ" ಎಂದಳು ಕೃತಿಕಾ. "ಈಗ್ಲೇ. ನಾನು ಫೋನು ಇಡಲ್ಲ."

ಚಪ್ಪಲಿ ಎಳೆಯುವ ಸದ್ದು ಕೇಳಿಸಿತು, ನಲ್ಲಿ ತಿರುಗಿದ ಸದ್ದು ಕೇಳಿಸಿತು. ಅಪ್ಪ ಮಗಳು ಇಬ್ಬರೂ ಅವಳು ಕುಡಿದು ಮುಗಿಸುವ ತನಕ ಕಾದರು.